ಮುದಿ ದರೋಡೆಕೋರ, ಒಂದೇ ಜಮೀನು, ಚಿಕ್ಕ ಬಜೆಟ್: ಒಂದು ಬಗೆಯ ವೆಸ್ಟರ್ನ್ ಸಿನಿಮಾದ ಲೆಕ್ಕಾಚಾರ

ಒಟಿಟಿಯಲ್ಲಿ ಒಂದು ವೆಸ್ಟರ್ನ್ ಸಿನಿಮಾ ನೋಡಿದಿರಿ ಅಂದುಕೊಳ್ಳಿ. ಮಾರನೇ ದಿನ ಆ್ಯಪ್ ತೆರೆದರೆ ಅದೇ ಜಾತಿಯ ಇನ್ನಷ್ಟು ಪೋಸ್ಟರ್‌ಗಳು ಸಾಲಾಗಿ ನಿಂತಿರುತ್ತವೆ. ಗಡ್ಡ ಬಿಟ್ಟ ಮುದುಕ, ಹಿಂದೆ ಮರದ ಮನೆ, ಕೈಯಲ್ಲಿ ಕೋವಿ. ಕಥೆ ಏನು ಅಂತ ಓದಿದರೆ ಹೆಚ್ಚುಕಮ್ಮಿ ಒಂದೇ. ಒಂದು ಕಾಲದಲ್ಲಿ ದರೋಡೆ ಮಾಡಿಕೊಂಡಿದ್ದವನು ಈಗ ಬೇಸಾಯ ಮಾಡಿಕೊಂಡು ತೆಪ್ಪಗಿದ್ದಾನೆ. ಅಷ್ಟರಲ್ಲಿ ಹಳೆಯ ಬದುಕು ಅವನ ಮನೆ ಬಾಗಿಲಿಗೆ ಬರುತ್ತದೆ.

ಇಂಥ ಸಿನಿಮಾಗಳಲ್ಲಿ ದೊಡ್ಡ ಸ್ಟಾರ್‌ಗಳು ಕಡಿಮೆ. ಖರ್ಚೂ ಕಡಿಮೆ. ಆದರೂ ಬರುತ್ತಲೇ ಇರುತ್ತವೆ. ಯಾಕೆ ಎಲ್ಲರಿಗೂ ಈ ಒಬ್ಬ ಮುದುಕನೇ ಬೇಕು? ಉತ್ತರ ಅರ್ಧ ಅಮೆರಿಕದ ಚರಿತ್ರೆಯಲ್ಲಿದೆ, ಅರ್ಧ ನಿರ್ಮಾಪಕರ ಖರ್ಚಿನ ಪುಸ್ತಕದಲ್ಲಿದೆ. ಉದಾಹರಣೆಗೆ 2021ರ ‘ಓಲ್ಡ್ ಹೆನ್ರಿ’ಯನ್ನು ಇಟ್ಟುಕೊಳ್ಳೋಣ. ಆ ಸಿನಿಮಾದ ಗುಟ್ಟು ಈ ಬರಹದ ಕೊನೆಯ ಭಾಗದಲ್ಲಿ ಮಾತ್ರ ಬರುತ್ತದೆ. ನೋಡುವ ಆಸೆ ಇದ್ದವರು ಅದರ ಮುಂಚೆಯೇ ನಿಲ್ಲಿಸಬಹುದು.

ಯಾವ ಕಾಲ, ಯಾವ ಜಾಗ

ನಾವು ಸುಮ್ನೆ ಕೌಬಾಯ್ ಸಿನಿಮಾ ಅಂತೀವಿ. ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ನೆನಪಿರುವವರಿಗೆ ಟೋಪಿ, ಬೂಟು, ಕುದುರೆ, ಸೊಂಟದ ಪಿಸ್ತೂಲು ಎಲ್ಲ ಗೊತ್ತಿರುವಂಥದ್ದೇ. ಅಮೆರಿಕದಲ್ಲಿ ವೆಸ್ಟರ್ನ್ ಅಂದರೆ ಮಿಸಿಸಿಪ್ಪಿ ನದಿಯಿಂದ ಪಶ್ಚಿಮಕ್ಕಿರುವ ಸೀಮೆಯ ಕಥೆ. ಕಾಲ, ಸುಮಾರಾಗಿ 1865ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದಲ್ಲಿಂದ 1900ರ ಆಸುಪಾಸಿನವರೆಗೆ.

ಆಗ ಅಲ್ಲಿ ನಡೆದದ್ದಿಷ್ಟು. 1862ರ ಒಂದು ಕಾಯ್ದೆ ಪ್ರಕಾರ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ ಸರ್ಕಾರ 160 ಎಕರೆ ಜಮೀನು ಕೊಡುತ್ತಿತ್ತು. ಆ ನೆಲ ಖಾಲಿ ಏನೂ ಇರಲಿಲ್ಲ. ತಲೆತಲಾಂತರದಿಂದ ಅಲ್ಲಿದ್ದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿಯೇ ಹಂಚಿದ್ದು. ಜನ ಬೇಗ ಬೇಗ ಬಂದು ತುಂಬಿಕೊಂಡರು. ಕೋರ್ಟು, ಪೊಲೀಸು ಮಾತ್ರ ನಿಧಾನಕ್ಕೆ ಬಂದವು. ನಮ್ಮ ಜಿಲ್ಲೆಯಷ್ಟು ದೊಡ್ಡ ಪ್ರದೇಶಕ್ಕೆ ಒಬ್ಬ ಷರೀಫ್, ಕೈಕೆಳಗೆ ಒಂದಿಬ್ಬರು. ಬ್ಯಾಂಕಲ್ಲಿ ದುಡ್ಡು ಇದೆ, ರೈಲಲ್ಲಿ ದುಡ್ಡು ಹೋಗುತ್ತೆ, ಕಾಯುವವರು ಯಾರೂ ಇಲ್ಲ. ದರೋಡೆಕೋರರು ಬೆಳೆದದ್ದು ಈ ಸಂದಿಯಲ್ಲಿ.

ಹಾಗೆ ನೋಡಿದರೆ ಇದು ಮೂವತ್ತೈದು ವರ್ಷದ ಕಥೆ, ಅಷ್ಟೇ. ಅದರ ಮೇಲೆ ಸಿನಿಮಾ ಮಾಡಲು ಶುರುವಾಗಿ ನೂರಿಪ್ಪತ್ತು ವರ್ಷ ದಾಟಿದೆ. 1903ರಲ್ಲಿ ಬಂದ ‘ದ ಗ್ರೇಟ್ ಟ್ರೇನ್ ರಾಬರಿ’ ಸುಮಾರು 12 ನಿಮಿಷದ ಮೂಕಿ ಚಿತ್ರ. ಪಶ್ಚಿಮದ ಕಥೆ ಅಂತ ತೋರಿಸಿದ್ದನ್ನು ಹೊರಾಂಗಣದಲ್ಲಿ ಶೂಟ್ ಮಾಡಿದ್ದು ಪೂರ್ವದ ತುದಿಯ ನ್ಯೂ ಜೆರ್ಸಿಯಲ್ಲಿ. ದುಡ್ಡು ಉಳಿಸಲು ಹತ್ತಿರದ ಜಾಗವನ್ನೇ ಪಶ್ಚಿಮ ಮಾಡಿಬಿಡುವ ಜಾಣತನ ಮೊದಲ ದಿನದಿಂದಲೇ ಇದೆ, ಅಲ್ವಾ?

ಕಸುಬು ಯಾಕೆ ನಿಂತಿತು

ದರೋಡೆ ಮಾಡುವುದು ಕಷ್ಟವಿರಲಿಲ್ಲ. ಮಾಡಿದ ಮೇಲೆ ತಪ್ಪಿಸಿಕೊಳ್ಳುವುದೇ ಅಸಲಿ ಕೆಲಸ. ಅದಕ್ಕೆ ಬೇಕಿದ್ದದ್ದು ಒಳ್ಳೆಯ ಕುದುರೆ, ಬಯಲು, ಮತ್ತು ಸುದ್ದಿ ನಿಧಾನಕ್ಕೆ ಹರಡುವುದು. ಈ ಮೂರೂ ಒಂದೊಂದಾಗಿ ಕೈತಪ್ಪಿದವು.

ಮೊದಲು ಟೆಲಿಗ್ರಾಫ್. ಕಳ್ಳರ ಕುದುರೆ ಮುಂದಿನ ಊರು ಮುಟ್ಟುವ ಮುಂಚೆ ಅವರ ಚಹರೆ ಅಲ್ಲಿಗೆ ತಲುಪುತ್ತಿತ್ತು. ಆಮೇಲೆ ರೈಲು ಕಂಪನಿಗಳು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಗೆ ದುಡ್ಡು ಕೊಟ್ಟು ಬೆನ್ನು ಹತ್ತಿಸಿದವು. ಬೆನ್ನಟ್ಟುವವರು ಕುದುರೆಗಳನ್ನೇ ರೈಲಿಗೆ ಹತ್ತಿಸಿಕೊಂಡು ಬರತೊಡಗಿದರು. ಇನ್ನು ಮುಳ್ಳುತಂತಿ. 1874ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕ ಮೇಲೆ ಬಯಲು ಅನ್ನುವುದೇ ಕಡಿಮೆಯಾಯಿತು. ಎಲ್ಲಿ ನೋಡಿದರೂ ಬೇಲಿ. ಬಯಲಲ್ಲಿ ಜನವಸತಿ ಮುಟ್ಟದ ಗಡಿ ಅಂತ ಇನ್ನು ಯಾವುದೂ ಉಳಿದಿಲ್ಲ ಎಂದು 1890ರ ಜನಗಣತಿಯ ನಂತರ ಸರ್ಕಾರವೇ ಹೇಳಿತು.

ಇದು ಹೇಗಿತ್ತು ಅಂತ ನೋಡಬೇಕಾದರೆ ಕ್ಯಾನ್ಸಸ್‌ನ ಕಾಫಿವಿಲ್ ಊರಿಗೆ ಹೋಗಬೇಕು. 1892ರ ಅಕ್ಟೋಬರ್ 5ರಂದು ಡಾಲ್ಟನ್ ಸೋದರರ ಗ್ಯಾಂಗು ಒಂದೇ ಸಲಕ್ಕೆ ಎರಡು ಬ್ಯಾಂಕು ದೋಚಲು ಹೊರಟಿತು. ಅವರು ಅದೇ ಸೀಮೆಯವರು, ಜನ ಗುರುತು ಹಿಡಿದರು. ಹಾರ್ಡ್‌ವೇರ್ ಅಂಗಡಿಯವರು ಮಾರಾಟಕ್ಕಿಟ್ಟಿದ್ದ ಬಂದೂಕುಗಳನ್ನು ಸಿಕ್ಕಸಿಕ್ಕವರ ಕೈಗೆ ಕೊಟ್ಟರು. ಗುಂಡಿನ ಸುರಿಮಳೆ ನಿಂತಾಗ ಗ್ಯಾಂಗಿನ ನಾಲ್ವರು, ಊರಿನ ನಾಲ್ವರು ಸತ್ತಿದ್ದರು. ಬದುಕಿ ಉಳಿದವನು ಎಮ್ಮೆಟ್ ಡಾಲ್ಟನ್ ಒಬ್ಬನೇ, ಅದೂ ಮೈತುಂಬ ಗಾಯ ಮಾಡಿಕೊಂಡು.

ನಿಜಕ್ಕೂ ನಿವೃತ್ತರಾದವರು

ಈ ಎಮ್ಮೆಟ್ ಮುಂದೆ ಏನಾದ ಅನ್ನುವುದೇ ಸಿನಿಮಾಗಿಂತ ಸ್ವಾರಸ್ಯ. ಜೀವಾವಧಿ ಶಿಕ್ಷೆಯಾಯಿತು. 1907ರಲ್ಲಿ ಕ್ಷಮಾದಾನ ಸಿಕ್ಕಿ ಹೊರಬಂದ. ಕ್ಯಾಲಿಫೋರ್ನಿಯಾಗೆ ಹೋಗಿ ರಿಯಲ್ ಎಸ್ಟೇಟ್ ಮಾಡಿದ, ಪುಸ್ತಕ ಬರೆದ, ಸಿನಿಮಾದಲ್ಲಿ ತನ್ನ ಪಾತ್ರ ತಾನೇ ಮಾಡಿದ. ತೀರಿಕೊಂಡದ್ದು 1937ರಲ್ಲಿ.

ದರೋಡೆಕೋರ ಜೆಸ್ಸಿ ಜೇಮ್ಸ್ ಹೆಸರು ನೀವು ಕೇಳಿರಬಹುದು. ಅವನ ಅಣ್ಣ ಫ್ರಾಂಕ್ ಜೇಮ್ಸ್. 1882ರ ಏಪ್ರಿಲ್‌ನಲ್ಲಿ ತಮ್ಮನ ಕೊಲೆಯಾದ ಮೇಲೆ, ಅದೇ ಅಕ್ಟೋಬರ್‌ನಲ್ಲಿ ಫ್ರಾಂಕ್ ನೇರವಾಗಿ ಮಿಸ್ಸೌರಿಯ ಗವರ್ನರ್ ಬಳಿ ಹೋಗಿ ಪಿಸ್ತೂಲು ಒಪ್ಪಿಸಿ ಶರಣಾದ. ಕೋರ್ಟಿನಲ್ಲಿ ಪಂಚರು (ಜ್ಯೂರಿ) ಅವನನ್ನು ತಪ್ಪಿತಸ್ಥ ಅನ್ನಲಿಲ್ಲ. ಆಮೇಲೆ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿದ, ನಾಟಕ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿದ. ಕೊನೆಗಾಲದಲ್ಲಿ ತಾವು ಬೆಳೆದ ಜಮೀನನ್ನೇ ನೋಡಬಂದವರಿಗೆ ಕಾಸು ತೆಗೆದುಕೊಂಡು ತೋರಿಸುತ್ತಿದ್ದ. 1915ರಲ್ಲಿ ಸತ್ತ, ಗುಂಡೇಟಿನಿಂದಲ್ಲ.

ಎಲ್ಲರೂ ಹೀಗೆ ಸುಧಾರಿಸಲಿಲ್ಲ. ಹೆನ್ರಿ ಸ್ಟಾರ್ ಎಂಬ ಬ್ಯಾಂಕ್ ದರೋಡೆಕೋರ 1919ರಲ್ಲಿ ತನ್ನದೇ ಕಥೆಯ ಸಿನಿಮಾದಲ್ಲಿ ನಟಿಸಿದ. ಅಪರಾಧದಿಂದ ಲಾಭವಿಲ್ಲ ಅನ್ನುವ ಧಾಟಿಯ ಸಿನಿಮಾ ಅದು. ಎರಡು ವರ್ಷದ ನಂತರ ಅರ್ಕನ್ಸಾದ ಹ್ಯಾರಿಸನ್ ಊರಲ್ಲಿ, ಕುದುರೆ ಬಿಟ್ಟು ಕಾರಿನಲ್ಲಿ ಬಂದು ಬ್ಯಾಂಕಿಗೆ ನುಗ್ಗಿದ. ಅಲ್ಲೇ ಗುಂಡು ತಿಂದ, ಅದರಿಂದಲೇ ಸತ್ತ.

ಬಿಲ್ ಮೈನರ್‌ನದು ಇನ್ನೂ ವಿಚಿತ್ರ. ಅವನು ಕುದುರೆ ಸಾರೋಟು ದೋಚುವವನು. 1901ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿಂದ ಹೊರಬಂದಾಗ ವಯಸ್ಸು ಐವತ್ತು ದಾಟಿತ್ತು. ಅಷ್ಟರಲ್ಲಿ ದುಡ್ಡು ಸಾಗಿಸುವ ಕೆಲಸವೆಲ್ಲ ರೈಲಿನ ಪಾಲಾಗಿತ್ತು. ಕಲಿತ ವಿದ್ಯೆಗೆ ಗಿರಾಕಿಯೇ ಇಲ್ಲ! ಸರಿ, ಕೆನಡಾಗೆ ಹೋಗಿ ರೈಲಿಗೆ ಕೈಹಾಕಿದ. 1906ರಲ್ಲಿ ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ಹತ್ತಿರ ನಿಲ್ಲಿಸಿದ ರೈಲಿನಲ್ಲಿ ಅವನಿಗೆ ಸಿಕ್ಕಿದ್ದು ಸುಮಾರು 15 ಡಾಲರ್ ಮತ್ತು ಲಿವರ್ ಮಾತ್ರೆಯ ಒಂದು ಬಾಟಲಿ. ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ. 1982ರ ಕೆನಡಾ ಸಿನಿಮಾ ‘ದ ಗ್ರೇ ಫಾಕ್ಸ್’ ಇವನ ಕಥೆಯೇ. ಪಾತ್ರ ಮಾಡಿದ ರಿಚರ್ಡ್ ಫಾರ್ನ್ಸ್‌ವರ್ತ್ ಅದಕ್ಕೆ ಮೊದಲು ದಶಕಗಳ ಕಾಲ ಹಾಲಿವುಡ್‌ನಲ್ಲಿ ಸ್ಟಂಟ್ ಕೆಲಸ ಮಾಡಿದವರು. ಕುದುರೆ ಮೇಲೆ ಅವರು ಕೂತ ರೀತಿ ನೋಡಿದರೆ ಸಾಕು, ಅಭ್ಯಾಸ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ.

ಅಂದರೆ ಮುದಿ ದರೋಡೆಕೋರ ಬರೀ ಬರಹಗಾರರ ಕಲ್ಪನೆ ಅಲ್ಲ. ಅಂಥವರು ಇದ್ದರು.

ಖರ್ಚಿನ ಪುಸ್ತಕ ತೆರೆದರೆ

ಸಿನಿಮಾ ಶೂಟಿಂಗಿನ ಖರ್ಚು ಮದುವೆ ಛತ್ರದ ಖರ್ಚಿದ್ದಂತೆ. ದಿನದ ಲೆಕ್ಕ. ತಾಳಿ ಕಟ್ಟುವುದು ತಡವಾದರೂ ಛತ್ರದ ಬಾಡಿಗೆ, ಅಡುಗೆಯವರು, ವಾಲಗದವರು, ಕರೆಂಟು ಎಲ್ಲದರ ಮೀಟರ್ ಓಡುತ್ತಲೇ ಇರುತ್ತದೆ. ಸಿನಿಮಾದಲ್ಲೂ ಹಾಗೆಯೇ. ಮಳೆ ಬಂದು ಕೆಲಸ ನಿಂತರೂ ಎಲ್ಲರ ಸಂಬಳ, ಬಾಟಾ, ಊಟ, ಹೋಟೆಲ್ ರೂಮು ಕೊಡಲೇಬೇಕು. ಹಾಗಾಗಿ ಕಡಿಮೆ ಬಜೆಟ್ ಅಂದರೆ ಮೊದಲ ಅರ್ಥ ಕಡಿಮೆ ದಿನ. ಎರಡನೆಯದು, ಕಡಿಮೆ ಓಡಾಟ. ಒಂದು ಲೊಕೇಶನ್ ಬಿಟ್ಟು ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧ ದಿನ ಕೈಬಿಡುತ್ತದೆ.

ವೆಸ್ಟರ್ನ್‌ಗೆ ಇದರ ಮೇಲೆ ತನ್ನದೇ ಖರ್ಚುಗಳಿವೆ. ಕುದುರೆ ಬೇಕು, ಅದನ್ನು ನೋಡಿಕೊಳ್ಳುವ ಪಳಗಿದ ಜನ ಬೇಕು. ಕರೆಂಟು ಕಂಬ, ಡಾಂಬರು ರಸ್ತೆ ಕಾಣಬಾರದು, ಮೇಲೆ ವಿಮಾನದ ಸದ್ದು ಕೇಳಬಾರದು. ಒಂದು ಪೇಟೆ ಬೀದಿ ತೋರಿಸಬೇಕಾದರೆ ಬೀದಿಯುದ್ದಕ್ಕೂ ಅಂಗಡಿಗಳ ಮುಂಭಾಗ ಕಟ್ಟಬೇಕು. ಓಡಾಡುವ ಪ್ರತಿಯೊಬ್ಬನಿಗೂ ಆ ಕಾಲದ ಬಟ್ಟೆ, ಬೂಟು, ಟೋಪಿ ಕೊಡಬೇಕು. ರೈಲು ಬೇಕು ಅಂದರಂತೂ ಮುಗಿಯಿತು.

ಈಗ ನಿವೃತ್ತ ದರೋಡೆಕೋರನ ಕಥೆಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಅವನು ಅಡಗಿ ಬದುಕುವವನು, ಆದ್ದರಿಂದ ಪೇಟೆಗೆ ಹೋಗುವುದಿಲ್ಲ. ಪೇಟೆ ಕಟ್ಟುವ ಖರ್ಚು ಉಳಿಯಿತು. ಅವನು ಎಲ್ಲಿಗೂ ಹೋಗದ ಕಾರಣ ವೈರಿಗಳೇ ಅವನಿರುವಲ್ಲಿಗೆ ಬರಬೇಕು. ಒಂದು ಮನೆ, ಒಂದು ಕೊಟ್ಟಿಗೆ, ಹಿಂದೆ ಒಂದು ಗುಡ್ಡ ಇದ್ದರೆ ಸಾಕು. ದೋಚಿದ ರೈಲು, ಲೂಟಿಯಾದ ಬ್ಯಾಂಕು ಎಲ್ಲ ಅವನ ಹಳೆಯ ಬದುಕಿನಲ್ಲಿವೆ. ಅದನ್ನು ತೋರಿಸಬೇಕಿಲ್ಲ, ಒಂದು ಮಾತಿನಲ್ಲಿ ಹೇಳಿದರಾಯಿತು. ಆ ವಯಸ್ಸಿನ ಒಬ್ಬ ಒಳ್ಳೆಯ ನಟ ಸಿಕ್ಕಿಬಿಟ್ಟರೆ ಮುಖದಲ್ಲೇ ಅರ್ಧ ಕಥೆ ಬಂದುಬಿಡುತ್ತದೆ. ಇನ್ನು ಅವನು ಬಂದೂಕು ಮುಟ್ಟುವುದಿಲ್ಲ ಅಂತ ಶಪಥ ಮಾಡಿರುತ್ತಾನಲ್ಲ, ಅದು ನನ್ನ ಪ್ರಕಾರ ಅತಿ ದೊಡ್ಡ ಉಳಿತಾಯ. ಗುಂಡಿನ ಕಾಳಗ ಕೊನೆಯ ಇಪ್ಪತ್ತು ನಿಮಿಷಕ್ಕೆ ಮಾತ್ರ ಬೇಕು. ಅಲ್ಲಿಯವರೆಗೆ ‘ಇವನು ಯಾರು’ ಅನ್ನುವ ಕುತೂಹಲವೇ ನೋಡುವವರನ್ನು ಕೂರಿಸುತ್ತದೆ. ಕುತೂಹಲಕ್ಕೆ ಬಾಡಿಗೆ ಇಲ್ಲ.

ಎಷ್ಟಿದ್ದರೆ ಕಡಿಮೆ ಬಜೆಟ್? ಅಮೆರಿಕದ ನಟರ ಸಂಘ ಇದಕ್ಕೆ ಗೆರೆ ಎಳೆದಿದೆ. 20 ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನ ಸಿನಿಮಾಗೆ ‘ಲೋ ಬಜೆಟ್’ ಒಪ್ಪಂದ ಸಿಗುತ್ತದೆ, ನಟರಿಗೆ ಕೊಡಬೇಕಾದ ಕನಿಷ್ಠ ಸಂಬಳ ಇಳಿಯುತ್ತದೆ. 3 ಲಕ್ಷ ಡಾಲರಿಗಿಂತ ಕೆಳಗಿದ್ದರೆ ಇನ್ನೂ ಇಳಿಯುತ್ತದೆ. ಮಾತಿನಲ್ಲಿ ಮಾತ್ರ ಇದಕ್ಕಿಂತ ಎಷ್ಟೋ ಪಟ್ಟು ಖರ್ಚಿನವನ್ನೂ ಕಡಿಮೆ ಬಜೆಟ್ ಅಂತಲೇ ಕರೆಯುತ್ತಾರೆ, ಹಾಲಿವುಡ್ ಲೆಕ್ಕ ಅದು. ಜೊತೆಗೆ ರಾಜ್ಯ ಸರ್ಕಾರಗಳ ಸಹಾಯವಿದೆ. ನ್ಯೂ ಮೆಕ್ಸಿಕೋದಲ್ಲಿ ಶೂಟ್ ಮಾಡಿದರೆ ಅಲ್ಲಿ ಮಾಡಿದ ಖರ್ಚಿನ ಕನಿಷ್ಠ ಶೇ. 25ರಷ್ಟು ತೆರಿಗೆ ಲೆಕ್ಕದಲ್ಲಿ ವಾಪಸ್ ಬರುತ್ತದೆ.

ಉಳಿತಾಯದ ಹಳೆಯ ಪಟ್ಟುಗಳು

1930, 40ರ ದಶಕದಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ಮೊದಲನೆಯದು ದೊಡ್ಡದು, ಇನ್ನೊಂದು ಒಂದು ಗಂಟೆಯ ಅಗ್ಗದ ಚಿತ್ರ. ಅದಕ್ಕೆ ಬಿ ಪಿಕ್ಚರ್ ಅನ್ನುತ್ತಿದ್ದರು. 1935ರಲ್ಲಿ ಶುರುವಾದ ರಿಪಬ್ಲಿಕ್ ಪಿಕ್ಚರ್ಸ್ ಇಂಥ ವೆಸ್ಟರ್ನ್‌ಗಳನ್ನು ರಾಶಿ ರಾಶಿ ತೆಗೆಯಿತು. ದನದ ಹಿಂಡು ನುಗ್ಗುವ ದೃಶ್ಯ ಒಮ್ಮೆ ತೆಗೆದರೆ ಅದನ್ನೇ ಬೇರೆ ಬೇರೆ ಸಿನಿಮಾದಲ್ಲಿ ಅಂಟಿಸುತ್ತಿದ್ದರು. ಲಾಸ್ ಏಂಜಲೀಸ್ ಹೊರವಲಯದ ಐವರ್ಸನ್ ರಾಂಚ್ ಎಂಬ ದೊಡ್ಡ ಜಮೀನಿನ ಬಂಡೆಗಳು ಎಷ್ಟು ಸಿನಿಮಾದಲ್ಲಿ ಬಂದಿವೆ ಅಂದರೆ ಹಳೆಯ ಪ್ರೇಕ್ಷಕರಿಗೆ ನಾಯಕನ ಮುಖದಷ್ಟೇ ಆ ಬಂಡೆಗಳ ಗುರುತೂ ಇತ್ತು.

1964ರಲ್ಲಿ ಇಟಲಿಯವರು ಸ್ಪೇನಿನ ಅಲ್ಮೆರಿಯಾ ಬಂಜರಿಗೆ ಹೋಗಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆಗೆದರು. ಬಜೆಟ್ ಸುಮಾರು 2 ಲಕ್ಷ ಡಾಲರ್. ಟಿವಿ ಧಾರಾವಾಹಿಯಲ್ಲಿದ್ದ ಕ್ಲಿಂಟ್ ಈಸ್ಟ್‌ವುಡ್‌ಗೆ ಕೊಟ್ಟದ್ದು 15 ಸಾವಿರ ಡಾಲರ್. ಆ ಗಾಳಿ ನಮ್ಮವರೆಗೂ ಬೀಸಿತು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ 1975ರ ‘ಶೋಲೆ’ಯಲ್ಲಿ ಡಕಾಯಿತರು, ರೈಲು, ಕೂಲಿಗೆ ಬಂದ ಇಬ್ಬರು ಕಳ್ಳರು ಎಲ್ಲ ವೆಸ್ಟರ್ನ್ ಸಾಮಾನೇ. ಆದರೆ ಅದು ಕಡಿಮೆ ಬಜೆಟ್ ಸಿನಿಮಾ ಅಲ್ಲವೇ ಅಲ್ಲ.

ಬಂದೂಕಿನ ವಿಷಯದಲ್ಲಿ ಉಳಿತಾಯ

ಎಲ್ಲೆಲ್ಲೋ ಉಳಿಸಬಹುದು, ಇಲ್ಲಿ ಉಳಿಸಿದರೆ ಜೀವ ಹೋಗುತ್ತದೆ. ಹೋಗಿದೆ ಕೂಡ.

ಸಿನಿಮಾ ಸೆಟ್ಟಿನಲ್ಲಿ ಎರಡು ಬಗೆಯ ತೋಟಾ ಬಳಸುತ್ತಾರೆ. ಒಂದು ಬ್ಲ್ಯಾಂಕ್. ಅದರಲ್ಲಿ ಮದ್ದು ಇರುತ್ತದೆ, ಮುಂದೆ ಗುಂಡು ಇರುವುದಿಲ್ಲ. ಬೆಂಕಿ, ಸದ್ದು ಬರುತ್ತದೆ. ತೀರಾ ಹತ್ತಿರದಿಂದ ಹೊಡೆದರೆ ಇದೂ ಕೊಲ್ಲಬಲ್ಲದು. ಇನ್ನೊಂದು ಡಮ್ಮಿ. ಅದರಲ್ಲಿ ಗುಂಡಿನ ತುದಿ ಇರುತ್ತದೆ, ಮದ್ದು ಇರುವುದಿಲ್ಲ. ಸಿಡಿಯದ ತೋಟಾ ಯಾಕೆ ಬೇಕು ಅನ್ನಿಸಬಹುದು. ವೆಸ್ಟರ್ನ್‌ನಲ್ಲಿ ಇರುವುದು ರಿವಾಲ್ವರ್. ಕ್ಯಾಮೆರಾ ಎದುರಿಗಿದ್ದರೆ ಅದರ ತಿರುಗುವ ಉರುಳೆಯ ತೂತುಗಳು ಕಾಣುತ್ತವೆ. ಒಳಗೆ ಸೀಸದ ತುದಿ ಇಲ್ಲದಿದ್ದರೆ ಬಂದೂಕು ಖಾಲಿ ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ತೊಂದರೆ ಏನೆಂದರೆ, ಡಮ್ಮಿ ನೋಡಲು ಥೇಟ್ ಅಸಲಿ ತೋಟಾ ತರಹವೇ ಇರುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ತೂತು ಕೊರೆದಿರುತ್ತಾರೆ, ಅಥವಾ ಒಳಗೆ ಚಿಕ್ಕ ಗೋಲಿ ಹಾಕಿರುತ್ತಾರೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಒಂದೊಂದನ್ನೂ ಹೀಗೆ ಪರೀಕ್ಷೆ ಮಾಡುವುದು ಆರ್ಮರರ್ ಎಂಬ ಆಯುಧ ಉಸ್ತುವಾರಿಯ ಕೆಲಸ. ಅಸಲಿ ತೋಟಾ ಸೆಟ್ಟಿಗೆ ಬರಲೇಬಾರದು.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದ ಬೊನಾಂಜಾ ಕ್ರೀಕ್ ರಾಂಚಿನಲ್ಲಿ ‘ರಸ್ಟ್’ ಶೂಟಿಂಗ್ ನಡೆಯುತ್ತಿತ್ತು. ಇದೂ ಒಬ್ಬ ವಯಸ್ಸಾದ ದರೋಡೆಕೋರನ ಕಥೆ, ಹಾಲಿವುಡ್ ಲೆಕ್ಕಕ್ಕೆ ಚಿಕ್ಕ ಬಜೆಟ್ಟಿನದು. ಅಲ್ಲಿ ಆರ್ಮರರ್ ಆಗಿದ್ದವರಿಗೆ ಸೆಟ್ ಸಾಮಾನು ನೋಡಿಕೊಳ್ಳುವ ಇನ್ನೊಂದು ಕೆಲಸವನ್ನೂ ವಹಿಸಿದ್ದರು. ವಸತಿ ಮತ್ತು ಸುರಕ್ಷತೆಯ ತಕರಾರಿನಿಂದ ಕ್ಯಾಮೆರಾ ತಂಡದ ಹಲವರು ಆ ಬೆಳಿಗ್ಗೆಯೇ ಕೆಲಸ ಬಿಟ್ಟು ಹೋಗಿದ್ದರು. ತಾಲೀಮು ನಡೆಯುವಾಗ ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರಿನಿಂದ ಅಸಲಿ ಗುಂಡು ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು, ನಿರ್ದೇಶಕ ಜೋಯಲ್ ಸೋಜಾ ಗಾಯಗೊಂಡರು. ಅದಕ್ಕೆ ಮುಂಚೆ ಆ ರಿವಾಲ್ವರ್ ‘ಕೋಲ್ಡ್ ಗನ್’, ಅಂದರೆ ಅಪಾಯವಿಲ್ಲದ್ದು, ಅಂತ ಕೂಗಿ ಹೇಳಲಾಗಿತ್ತು. 2024ರಲ್ಲಿ ಆರ್ಮರರ್‌ಗೆ 18 ತಿಂಗಳ ಜೈಲಾಯಿತು. ಪ್ರಾಸಿಕ್ಯೂಶನ್ ಸಾಕ್ಷ್ಯ ಬಚ್ಚಿಟ್ಟಿತ್ತು ಎಂಬ ಕಾರಣಕ್ಕೆ ಬಾಲ್ಡ್ವಿನ್ ಮೇಲಿನ ಕೇಸನ್ನು ನ್ಯಾಯಾಧೀಶರು ಅದೇ ವರ್ಷ ಜುಲೈನಲ್ಲಿ ವಜಾ ಮಾಡಿದರು.

ಈಗ ಎಷ್ಟೋ ಕಡೆ ಸಿಡಿಯುವ ಬಂದೂಕನ್ನೇ ತರುವುದಿಲ್ಲ. ಆಟಿಕೆ ತರಹದ ಬಂದೂಕು ಕೊಟ್ಟು, ಬೆಂಕಿ ಹೊಗೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಆದರೆ ಗುಂಡು ಹಾರಿದಾಗ ಕೈ ಹಿಂದಕ್ಕೆ ಒದೆಯುತ್ತದಲ್ಲ, ಅದನ್ನು ನಟರೇ ಅಭಿನಯಿಸಬೇಕು. ಸರಿಯಾಗಿ ಮಾಡದಿದ್ದರೆ ನೀರಿನ ಪಿಚಕಾರಿ ಹಿಡಿದ ಹಾಗೆ ಕಾಣುತ್ತದೆ.

‘ಓಲ್ಡ್ ಹೆನ್ರಿ’ ಮತ್ತು ಒಂದು ಪುಕ್ಕಟೆ ಹೆಸರು (ಗುಟ್ಟು ಇಲ್ಲಿದೆ)

ಪಾಟ್ಸಿ ಪೊನ್ಸಿರೋಲಿ ನಿರ್ದೇಶನದ ಈ ಸಿನಿಮಾ 2021ರ ವೆನಿಸ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗೆ ಮೊದಲ ಪ್ರದರ್ಶನ ಕಂಡಿತು. ಕಥೆ ನಡೆಯುವುದು 1906ರ ಒಕ್ಲಹೋಮಾದಲ್ಲಿ. ಅದಿನ್ನೂ ರಾಜ್ಯವಾಗಿರಲಿಲ್ಲ, ಆದದ್ದು 1907ರ ನವೆಂಬರಿನಲ್ಲಿ. ಶೂಟ್ ಮಾಡಿದ್ದು ಟೆನೆಸ್ಸಿಯ ವಾಟರ್‌ಟೌನ್‌ನಲ್ಲಿ. ಮರಳುಗಾಡಿಲ್ಲ, ಹಸಿರು ಗುಡ್ಡ, ಮಂಜು ಮುಸುಕಿದ ಹುಲ್ಲು.

ಹೆನ್ರಿ ಹೆಂಡತಿ ಕಳೆದುಕೊಂಡ ರೈತ. ಜೊತೆಗೆ ಹದಿಹರೆಯದ ಮಗ, ಹತ್ತಿರದಲ್ಲಿ ಬಾಮೈದ. ಮಗನಿಗೆ ಬಂದೂಕು ಕಲಿಯುವಾಸೆ. ಅಪ್ಪ ಮುಟ್ಟಗೊಡುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಒಂದು ದಿನ ಗುಂಡೇಟು ತಿಂದು ಬಿದ್ದ ಒಬ್ಬನೂ ದುಡ್ಡು ತುಂಬಿದ ಚೀಲವೂ ಹೆನ್ರಿಗೆ ಸಿಗುತ್ತವೆ. ಬೇಡ ಬೇಡ ಅನ್ನುತ್ತಲೇ ಮನೆಗೆ ತರುತ್ತಾನೆ. ಹಿಂದೆಯೇ ಷರೀಫ್ ಅಂತ ಹೇಳಿಕೊಂಡು ಒಂದು ಗುಂಪು ಬರುತ್ತದೆ. ಹಾಸಿಗೆಯಲ್ಲಿರುವವನು ಕಳ್ಳನೋ, ಬಾಗಿಲಲ್ಲಿರುವವರು ಕಳ್ಳರೋ? ಸಿನಿಮಾದ ಹೆಚ್ಚಿನ ಭಾಗ ಆ ಮನೆ ಮತ್ತು ಅಂಗಳದಲ್ಲೇ ಮುಗಿಯುತ್ತದೆ. ಟಿಮ್ ಬ್ಲೇಕ್ ನೆಲ್ಸನ್ ಹೆನ್ರಿಯಾಗಿ ಮಾತು ಕಡಿಮೆ ಆಡುತ್ತಾರೆ. ಆದರೆ ಗಾಯಾಳುವನ್ನು ಮಂಚಕ್ಕೆ ಕಟ್ಟುವಾಗ ಆ ಕೈಗಳ ಪಳಗಿಕೆ ನೋಡಿ. ಇದು ಬರೀ ರೈತನ ಕೈಯಲ್ಲ ಅಂತ ನಮಗೆ ಅನುಮಾನ ಬರುತ್ತದೆ.

ಅನುಮಾನ ನಿಜ. ಅವನು ಬಿಲ್ಲಿ ದ ಕಿಡ್, ಆ ಕಾಲದ ಹೆಸರಾಂತ ದರೋಡೆಕೋರ. ಚರಿತ್ರೆಯ ಪ್ರಕಾರ ಆ ಹುಡುಗನನ್ನು 1881ರ ಜುಲೈ 14ರ ರಾತ್ರಿ, ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ, ಕತ್ತಲ ಕೋಣೆಯೊಂದರಲ್ಲಿ ಷರೀಫ್ ಪ್ಯಾಟ್ ಗ್ಯಾರೆಟ್ ಗುಂಡಿಟ್ಟು ಕೊಂದ. ಆಗ ವಯಸ್ಸು ಸುಮಾರು 21. ಅವನು ಹುಟ್ಟಿದಾಗ ಇಟ್ಟ ಹೆಸರು ಹೆನ್ರಿ ಮೆಕಾರ್ಟಿ, ಅಂದರೆ ಸಿನಿಮಾದ ಹೆಸರಲ್ಲೇ ಸುಳಿವು ಇತ್ತು. ಕತ್ತಲಲ್ಲಿ ನಡೆದದ್ದಲ್ಲವೇ, ಅವನು ಸಾಯಲೇ ಇಲ್ಲ ಅನ್ನುವ ಮಾತು ಹಬ್ಬುತ್ತಲೇ ಇತ್ತು. 1950ರಲ್ಲಿ ಟೆಕ್ಸಸ್‌ನ ಹೈಕೋ ಊರಿನ ‘ಬ್ರಶಿ ಬಿಲ್’ ರಾಬರ್ಟ್ಸ್ ಎಂಬ ಮುದುಕ ತಾನೇ ಬಿಲ್ಲಿ ಅನ್ನುತ್ತ, ಕ್ಷಮಾದಾನ ಕೇಳಲು ನ್ಯೂ ಮೆಕ್ಸಿಕೋದ ಗವರ್ನರ್ ಮುಂದೆ ಹೋಗಿ ಕೂತ. ಗವರ್ನರ್ ನಂಬಲಿಲ್ಲ. ಮುದುಕ ಅದೇ ಡಿಸೆಂಬರಿನಲ್ಲಿ ತೀರಿಕೊಂಡ. ಇತಿಹಾಸಕಾರರೂ ಅವನ ಮಾತು ಒಪ್ಪಿಲ್ಲ. ಹೈಕೋದಲ್ಲಿ ಮಾತ್ರ ಬಿಲ್ಲಿ ದ ಕಿಡ್ ಹೆಸರಲ್ಲಿ ಒಂದು ಮ್ಯೂಸಿಯಂ ಇದೆ.

ನಿರ್ಮಾಪಕರ ಕಣ್ಣಿನಿಂದ ನೋಡಿದರೆ ಇದರಲ್ಲಿ ಇನ್ನೊಂದು ಅನುಕೂಲವಿದೆ. 1881ರಲ್ಲಿ ಸತ್ತವನ ಹೆಸರಿಗೆ, ಕಥೆಗೆ ಯಾರಿಗೂ ಹಕ್ಕಿನ ದುಡ್ಡು ಕೊಡಬೇಕಿಲ್ಲ. ಕಾಮಿಕ್ಸ್ ನಾಯಕನೊಬ್ಬನ ಹೆಸರು ಬಳಸಬೇಕಾದರೆ ಕೋಟಿ ಕೋಟಿ ಸುರಿಯಬೇಕು, ಜಗತ್ತಿಗೆಲ್ಲ ಗೊತ್ತಿರುವ ಈ ಹೆಸರು ಬಿಟ್ಟಿ. ಅವನಿಗೆ ಸೇರಿದ ವಸ್ತುಗಳ ಬೆಲೆ ಬೇರೆ ವಿಷಯ. ಬಿಲ್ಲಿ ಕೋವಿ ಹಿಡಿದು ನಿಂತ ಹಳೆಯ ತಗಡಿನ ಫೋಟೋ 2011ರಲ್ಲಿ ಡೆನ್ವರ್‌ನಲ್ಲಿ ಹರಾಜಿಗೆ ಬಂದಾಗ 23 ಲಕ್ಷ ಡಾಲರಿಗೆ ಹೋಯಿತು. ನಟರ ಸಂಘದ ‘ಲೋ ಬಜೆಟ್’ ಗೆರೆಗಿಂತ ಅದೊಂದೇ ಫೋಟೋ 3 ಲಕ್ಷ ಜಾಸ್ತಿ.